ಮೇಲ್ ಕ್ಯೂನಲ್ಲೇ ನಿಂತಿದೆಯಾ? ಮೊದಲು ಪೋರ್ಟ್ 25 ನೋಡಿ

ಸರ್ವರ್‌ನಿಂದ ಮೇಲ್ ಹೊರಗೆ ಹೋಗುತ್ತಿಲ್ಲ ಅಂದರೆ, ಕಾನ್ಫಿಗ್ ಫೈಲ್ ಮುಟ್ಟುವ ಮುಂಚೆ ಅದೇ ಸರ್ವರ್‌ಗೆ ಲಾಗಿನ್ ಆಗಿ, ಮೇಲ್ ತಲುಪಬೇಕಾದ ಡೊಮೈನ್‌ನ ಎಂಎಕ್ಸ್ ಹೋಸ್ಟ್‌ಗೆ (ಆ ಡೊಮೈನ್‌ಗೆ ಬರುವ ಮೇಲ್ ತೆಗೆದುಕೊಳ್ಳುವ ಸರ್ವರ್) ಪೋರ್ಟ್ 25ರಲ್ಲಿ, ಅಂದರೆ ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವ ಬಾಗಿಲಲ್ಲಿ, ಟೆಲ್ನೆಟ್ ಮಾಡಿ (ಸಂಪರ್ಕ ಸಿಗುತ್ತದಾ ಅಂತ ನೋಡಲು ಬಳಸುವ ಕಮಾಂಡ್). ನಿಮ್ಮ ಲ್ಯಾಪ್‌ಟಾಪ್‌ನಿಂದ ಬೇಡ, ಅದರ ದಾರಿಯೇ ಬೇರೆ. 220 ಅಂತ ಶುರುವಾಗುವ ಸಾಲು ಬಂದರೆ ದಾರಿ ತೆರೆದಿದೆ. ಏನೂ ಬಾರದೆ ಸುಮ್ನೆ ನಿಂತುಬಿಟ್ಟರೆ ಇನ್ನೊಂದೆರಡು ಡೊಮೈನ್‌ಗೂ ಮಾಡಿ ನೋಡಿ. ಎಲ್ಲ ಕಡೆ ಹಾಗೇ ಆದರೆ ತಡೆ ಹೆಚ್ಚಾಗಿ ನಿಮ್ಮ ಕಡೆಯೇ ಇರುತ್ತದೆ. ಸ್ಪ್ಯಾಮ್ ಹರಡಬಾರದು ಅಂತ ಎಷ್ಟೋ ಕ್ಲೌಡ್ ಮತ್ತು ಇಂಟರ್ನೆಟ್ ಕಂಪನಿಗಳು ಹೊರಹೋಗುವ 25 ಅನ್ನು ಮುಚ್ಚಿರುತ್ತವೆ. ಒಳಗೆ ಬರುವ ಮೇಲ್ ಮಾತ್ರ ಸರಿಯಾಗಿ ಬರುತ್ತಿರುತ್ತದೆ, ಅದಕ್ಕೇ ಈ ಕಡೆ ಅನುಮಾನವೇ ಹೋಗುವುದಿಲ್ಲ. ಅವರಿಗೆ ಬರೆದು ತೆರೆಸಿಕೊಳ್ಳಿ, ಆಗದಿದ್ದರೆ ಪೋರ್ಟ್ 587ರಲ್ಲಿ ಒಂದು ರಿಲೇ (ನಿಮ್ಮ ಪರವಾಗಿ ಮೇಲ್ ಮುಂದಕ್ಕೆ ಕಳಿಸುವ ಬೇರೆ ಸರ್ವರ್) ಮೂಲಕ ಕಳಿಸಿ. ಆದರೆ 220 ಬಂದೂ ಮೇಲ್ ನಿಂತರೆ ಈ ಪರೀಕ್ಷೆಯಿಂದ ಉಪಯೋಗವಿಲ್ಲ, ಲಾಗ್‌ನಲ್ಲಿರುವ ಕೋಡ್ ನೋಡಬೇಕು. 4ರಿಂದ ಶುರುವಾದರೆ ಅದು ತಾತ್ಕಾಲಿಕ, ಸರ್ವರ್ ತಾನೇ ಮತ್ತೆ ಕಳಿಸುತ್ತದೆ. 5ರಿಂದ ಶುರುವಾದರೆ ಆ ಕಡೆಯವರು ಮೇಲ್ ಬೇಡ ಅಂದಿದ್ದಾರೆ ಅಂತ ಅರ್ಥ, ಪಕ್ಕದ ಸಾಲನ್ನು ಪೂರ್ತಿ ಓದಿ. ಎಸ್‌ಪಿಎಫ್ (ನಿಮ್ಮ ಡೊಮೈನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಡಿಎನ್‌ಎಸ್ ದಾಖಲೆ), ರಿವರ್ಸ್ ಡಿಎನ್‌ಎಸ್ (ಐಪಿ ವಿಳಾಸದಿಂದ ಹೆಸರು ತಿಳಿಸುವ ದಾಖಲೆ), ಬ್ಲಾಕ್‌ಲಿಸ್ಟ್ (ಸ್ಪ್ಯಾಮ್ ಕಳಿಸುವವರ ಪಟ್ಟಿ), ಯಾವುದು ಕಾರಣ ಅಂತ ಜಾಸ್ತಿ ಸಲ ಅಲ್ಲೇ ಬರೆದಿರುತ್ತದೆ.