ಕೈಟೋಸಾನ್ ಕಣಗಳಲ್ಲಿ ಅಸೈಕ್ಲೋವಿರ್: ಪ್ರಯೋಗಾಲಯದ ನನ್ನ ಅನುಭವ

ಅಸೈಕ್ಲೋವಿರ್ ಹರ್ಪಿಸ್ ವೈರಸ್ಸಿನ ಮೇಲೆ ನಿಖರವಾಗಿ ಕೆಲಸ ಮಾಡುವ ಔಷಧ. ವೈರಸ್ಸಿನದೇ ಥೈಮಿಡಿನ್ ಕೈನೇಸ್ ಕಿಣ್ವ ಅದನ್ನು ಚುರುಕುಗೊಳಿಸಬೇಕಾದ್ದರಿಂದ ಸೋಂಕಿಲ್ಲದ ಜೀವಕೋಶಕ್ಕೆ ಅದರಿಂದ ಹೆಚ್ಚು ತೊಂದರೆಯಿಲ್ಲ. ತೊಡಕಿರುವುದು ಅದನ್ನು ತಲುಪಿಸುವುದರಲ್ಲಿ. ನುಂಗಿದ್ದರಲ್ಲಿ ಶೇಕಡಾ 10ರಿಂದ 20ರಷ್ಟು ಮಾತ್ರ ರಕ್ತ ಸೇರುತ್ತದೆ, ಸೇರಿದ್ದೂ ಮೂರು ತಾಸಿನೊಳಗೆ ಅರ್ಧಕ್ಕಿಳಿಯುತ್ತದೆ. ದಿನಕ್ಕೆ ಐದು ಸಲ ಮಾತ್ರೆ ನುಂಗಬೇಕಾಗುವುದು ಇದಕ್ಕೇ.

ಔಷಧವನ್ನು ಹೊತ್ತೊಯ್ಯುವ ಅತಿಸೂಕ್ಷ್ಮ ನ್ಯಾನೋಕಣಗಳ ಕುರಿತ ಬರಹಗಳು ಬಹಳಷ್ಟು ಇಲ್ಲಿಂದಲೇ ಶುರುವಾಗುತ್ತವೆ. ಆದರೆ ಬಾಯಿಯ ದಾರಿಯ ಸಮಸ್ಯೆಯನ್ನು, ದೇಹದೊಳಗೆ ಅಸೈಕ್ಲೋವಿರ್ ಆಗಿ ಬದಲಾಗುವ ವ್ಯಾಲಸೈಕ್ಲೋವಿರ್ ಆಗಲೇ ಬಹುಮಟ್ಟಿಗೆ ಬಗೆಹರಿಸಿದೆ. ಅದರಿಂದ ಅರ್ಧಕ್ಕಿಂತ ತುಸು ಹೆಚ್ಚು ಅಸೈಕ್ಲೋವಿರ್ ರಕ್ತಕ್ಕೆ ದಕ್ಕುತ್ತದೆ. ಜೊತೆಗೆ, ನಾನು ವಾಹಕವಾಗಿ ಬಳಸುವ ಕೈಟೋಸಾನ್ ಎಂಬ ವಸ್ತುವಿನ ಕಣ ಜಠರದ ಆಮ್ಲದಲ್ಲಿ ಉಬ್ಬಿ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ನಾನು ಕಣ್ಣನ್ನು ಆರಿಸಿಕೊಂಡೆ. ಕಾರ್ನಿಯಾದ ಹರ್ಪಿಸ್ ಸೋಂಕಿಗೆ ಶೇಕಡಾ 3ರ ಮುಲಾಮನ್ನು ದಿನಕ್ಕೆ ಐದು ಸಲ ಹಚ್ಚುತ್ತಾರೆ, ಪ್ರತಿ ಸಲವೂ ದೃಷ್ಟಿ ಮಂಜಾಗುತ್ತದೆ. ಹನಿಯಾಗಿ ಕೊಡೋಣವೆಂದರೆ ಕಣ್ಣೀರಿನ ಸಹಜ ಪ್ರಮಾಣ 7 ಮೈಕ್ರೋಲೀಟರಿನಷ್ಟು, ಒಂದು ಹನಿ 30ರಿಂದ 50 ಮೈಕ್ರೋಲೀಟರ್. ಹೆಚ್ಚಿನದು ಕೆನ್ನೆಗೆ ಇಳಿಯುತ್ತದೆ, ಉಳಿದದ್ದನ್ನು ರೆಪ್ಪೆ ಕೆಲವೇ ನಿಮಿಷಗಳಲ್ಲಿ ತೊಳೆದುಬಿಡುತ್ತದೆ. ಲೋಳೆಪದರಕ್ಕೆ ಅಂಟಿಕೊಳ್ಳುವ ವಾಹಕವೊಂದಕ್ಕೆ ಇಲ್ಲಿ ನಿಜವಾದ ಕೆಲಸವಿದೆ.

ಸೀಗಡಿ, ಏಡಿಗಳ ಚಿಪ್ಪಿನ ಕೈಟಿನ್‌ನಿಂದ ಅಸಿಟೈಲ್ ಗುಂಪುಗಳನ್ನು ಕಳೆದಾಗ ಸಿಗುವುದು ಕೈಟೋಸಾನ್. ಆಮ್ಲೀಯ ದ್ರಾವಣದಲ್ಲಿ ಅದರ ಅಮೈನ್‌ಗಳು ಧನಾವೇಶ ಹೊರುತ್ತವೆ, ಋಣಾವೇಶದ ಟ್ರೈಪಾಲಿಫಾಸ್ಫೇಟ್ ಸಿಕ್ಕರೆ ಸರಪಳಿಗಳು ಗಂಟುಬಿದ್ದು ಕಣಗಳಾಗುತ್ತವೆ. ಸ್ಪೇನಿನ ಸಾಂಟಿಯಾಗೊ ದ ಕಂಪೋಸ್ಟೆಲಾ ವಿಶ್ವವಿದ್ಯಾಲಯದ ತಂಡ 1997ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಶಾಖವೂ ಬೇಡ, ಸಾವಯವ ದ್ರಾವಕವೂ ಬೇಡ. ದುರ್ಬಲ ಅಸಿಟಿಕ್ ಆಮ್ಲದಲ್ಲಿ ಮಿಲಿಲೀಟರಿಗೆ 2 ಮಿಲಿಗ್ರಾಂ ಕೈಟೋಸಾನ್ ಕರಗಿಸಿ, ಸೋಸಿ, ಪಿಎಚ್ ಅನ್ನು 5ರ ಹತ್ತಿರಕ್ಕೆ ತಂದು, ಔಷಧ ಸೇರಿಸುತ್ತೇನೆ. ಆಮೇಲೆ ಕದಡುತ್ತಲೇ ಫಾಸ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತೇನೆ. ತಿಳಿಯಾಗಿದ್ದ ದ್ರವ ಒಂದು ಹಂತದಲ್ಲಿ ನೀಲಿ ಛಾಯೆಯ ತೆಳು ಹಾಲಿನಂತಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಮುಂದೆ ಹೋದರೆ ಬಿಳಿ ಗಸಿ. ತೂಕದಲ್ಲಿ ನಾಲ್ಕು ಪಾಲು ಕೈಟೋಸಾನಿಗೆ ಒಂದು ಪಾಲು ಫಾಸ್ಫೇಟ್ ನನಗೆ ಹಿಡಿಸಿದ ಅನುಪಾತ. ಹೊಸ ಡಬ್ಬಿ ತೆರೆದಾಗಲೆಲ್ಲ ಇದನ್ನು ಮತ್ತೆ ಹುಡುಕುತ್ತೇನೆ, ಏಕೆಂದರೆ ಅಣುತೂಕ, ಅಸಿಟೈಲ್ ಪ್ರಮಾಣ ಎರಡೂ ಡಬ್ಬಿಯಿಂದ ಡಬ್ಬಿಗೆ ಬದಲಾಗುತ್ತವೆ.

ಇನ್ನೂರು ನ್ಯಾನೋಮೀಟರಿನ ಕಣ ಮಾಡುವುದು, ನಿಜ ಹೇಳಬೇಕೆಂದರೆ, ಈ ಕೆಲಸದ ಸುಲಭ ಭಾಗ. ಕಷ್ಟವಿರುವುದು ಒಳಗೆ ಔಷಧವನ್ನು ನಿಲ್ಲಿಸುವುದರಲ್ಲಿ. ಪಿಎಚ್ 5ರಲ್ಲಿ ಅಸೈಕ್ಲೋವಿರ್‌ಗೆ ಆವೇಶವೇ ಇರುವುದಿಲ್ಲ. ಕೈಟೋಸಾನನ್ನು ಹಿಡಿದುಕೊಳ್ಳಲು ಅದಕ್ಕೆ ಕೊಕ್ಕೆಯಿಲ್ಲ, ಜಾಲ ನೆಯ್ಯುವಾಗ ಸಿಕ್ಕಿಬಿದ್ದಷ್ಟೇ ಲಾಭ. ಲೆಕ್ಕ ಹಾಕಿ ನೋಡಿ. 20 ಮಿಲಿಗ್ರಾಂ ಕೈಟೋಸಾನಿಗೆ 10 ಮಿಲಿಗ್ರಾಂ ಔಷಧ ಹಾಕಿ, ಅದರಲ್ಲಿ ಶೇಕಡಾ 40 ಕಣದೊಳಗೆ ಸೇರಿತೆನ್ನೋಣ. ವರದಿಯಲ್ಲಿ ಈ ಶೇಕಡಾ 40 ಚೆನ್ನಾಗಿ ಕಾಣುತ್ತದೆ. ಆದರೆ ಅದು 15 ಮಿಲಿಲೀಟರಿನಲ್ಲಿ ಹರಡಿದ 4 ಮಿಲಿಗ್ರಾಂ, ಅಂದರೆ ಶೇಕಡಾ 0.03ಕ್ಕಿಂತ ಕಡಿಮೆ. ಮುಲಾಮು ಇದರ ನೂರು ಪಟ್ಟಿಗಿಂತ ಹೆಚ್ಚು ಗಾಢ! ಸೇರ್ಪಡೆಯ ಶೇಕಡಾವಾರನ್ನು ಕೊಟ್ಟು ಈ ಸಂಖ್ಯೆಯನ್ನು ಕೊಡದ ಫಲಿತಾಂಶವನ್ನು ನಾನು ಅರ್ಧ ಫಲಿತಾಂಶವೆಂದೇ ಎಣಿಸುತ್ತೇನೆ.

ಅದಕ್ಕೆ ನಾನು ಎರಡು ದಾರಿ ಹಿಡಿದೆ. ಒಂದು, ಹೊರಗುಳಿದ ಔಷಧವನ್ನು ಪೂರ್ತಿ ತೊಳೆದು ಚೆಲ್ಲದೆ ಹನಿಯಲ್ಲೇ ಬಿಡುವುದು. ಅದು ತಕ್ಷಣದ ಮೊದಲ ಕಂತು, ಕಣದೊಳಗಿನದು ನಿಧಾನದ ಕಂತು. ಇನ್ನೊಂದು, ಕಣಗಳನ್ನು ಸಾಂದ್ರಗೊಳಿಸುವುದು. ಸೆಂಟ್ರಿಫ್ಯೂಜಿನಲ್ಲಿ ಸುಮ್ಮನೆ ತಿರುಗಿಸಿದರೆ ಕಣಗಳು ತಳಕ್ಕೆ ಕಚ್ಚಿಕೊಂಡು ಮತ್ತೆ ಬಿಡಿಯಾಗುವುದಿಲ್ಲ. ಕೊಳವೆಯ ತಳದಲ್ಲಿ ಗ್ಲಿಸರಾಲಿನ ತೆಳು ಹಾಸು ಇದ್ದರೆ ಅದರ ಮೇಲೆ ಕೂತು ಮೆತ್ತಗೆ ಹೊರಬರುತ್ತವೆ.

ಒಳಗೆಷ್ಟು ಸೇರಿತೆಂದು ತಿಳಿಯಲು ಮೇಲಿನ ತಿಳಿದ್ರವದಲ್ಲಿ ಉಳಿದ ಔಷಧವನ್ನು ನೇರಳಾತೀತ ಬೆಳಕಿನಲ್ಲಿ, 252 ನ್ಯಾನೋಮೀಟರಿನ ಸುತ್ತ, ಅಳೆಯುತ್ತೇವೆ. ಆ ದ್ರವದಲ್ಲಿ ಉಳಿದ ಕೈಟೋಸಾನ್ ಚೂರುಗಳೂ ಬೆಳಕನ್ನು ಚದುರಿಸುತ್ತವೆ. ಆದ್ದರಿಂದ ಹೋಲಿಕೆಗೆ ಬರಿಯ ನೀರು ಸಾಲದು, ಔಷಧವಿಲ್ಲದೆ ಅದೇ ರೀತಿ ಮಾಡಿದ ಖಾಲಿ ಕಣಗಳ ತಿಳಿದ್ರವವೇ ಬೇಕು. ಬಿಡುಗಡೆಯ ಪರೀಕ್ಷೆಯಲ್ಲೂ ಇಂಥದೇ ಒಂದು ಬಲೆ ಇದೆ. ಔಷಧ ದಾಟಬಲ್ಲ, ಆದರೆ ಕಣ ದಾಟಲಾರದ ಡಯಾಲಿಸಿಸ್ ಚೀಲದೊಳಗೆ ಬರಿಯ ಔಷಧದ ದ್ರಾವಣ ತುಂಬಿದರೂ ಅದು ಹೊರಬರಲು ಹೊತ್ತು ತೆಗೆದುಕೊಳ್ಳುತ್ತದೆ. ಆ ಬರಿಯ ಔಷಧದ ಬಿಡುಗಡೆಯ ರೇಖೆಯನ್ನು ಪಕ್ಕದಲ್ಲಿಡದೆ ‘ನಿಧಾನ ಬಿಡುಗಡೆ’ ಎಂದರೆ ಚೀಲದ ಗುಣವನ್ನು ಕಣಕ್ಕೆ ಹಚ್ಚಿದಂತೆ. ನನ್ನ ಕಣಗಳಲ್ಲಿ ಮೊದಲ ತಾಸಿನಲ್ಲೇ ದೊಡ್ಡ ಪಾಲು ಹೊರಬೀಳುತ್ತದೆ. ಎರಡು ರೇಖೆಗಳ ನಡುವೆ ಉಳಿಯುವ ಅಂತರವಷ್ಟೇ ನಮ್ಮ ಗಳಿಕೆ.

ಅಂಟಿಕೊಳ್ಳುವ ಗುಣದ ಬಗ್ಗೆಯೂ ಒಂದು ಮಾತು. ಲೋಳೆಯ ಮ್ಯೂಸಿನ್ ಪ್ರೋಟೀನಿನಲ್ಲಿರುವ ಸಯಾಲಿಕ್ ಆಮ್ಲ ಋಣಾವೇಶದ್ದು, ಕಣ ಧನಾವೇಶದ್ದು, ಹಾಗಾಗಿ ಎರಡೂ ಕೂಡಿಕೊಳ್ಳುತ್ತವೆ ಎಂಬುದು ತರ್ಕ. ಆದರೆ ಕೈಟೋಸಾನಿನ ಅಮೈನ್‌ಗಳು ಪಿಎಚ್ 6.5ರ ಆಸುಪಾಸಿನಿಂದ ಮೇಲೆ ಆವೇಶ ಕಳೆದುಕೊಳ್ಳುತ್ತವೆ, ಕಣ್ಣೀರಿನ ಪಿಎಚ್ 7.4ರಷ್ಟು. ಪಿಎಚ್ 5ರ ನೀರಿನಲ್ಲಿ ಸಿಕ್ಕ +30 ಮಿಲಿವೋಲ್ಟ್ ಜೀಟಾ ವಿಭವ (ಕಣದ ಮೇಲ್ಮೈ ಆವೇಶದ ಅಳತೆ) ನೋಡಿ ಹಿಗ್ಗುವುದಕ್ಕಿಂತ ಕೃತಕ ಕಣ್ಣೀರಿನಲ್ಲೂ ಅಳೆಯಬೇಕು. ನಾನು ಅಳೆದಾಗ ಆವೇಶ ತೀರಾ ಇಳಿದಿತ್ತು, ಕಣಗಳು ಗುಂಪುಗೂಡತೊಡಗಿದ್ದವು. ಆಮೇಲಿಂದ ಹನಿಯ ಪಿಎಚ್ ಅನ್ನು 5.5ರಲ್ಲಿ, ದುರ್ಬಲ ಬಫರಿನೊಂದಿಗೆ ಇಡುತ್ತಿದ್ದೇನೆ. ಕಣ್ಣೀರು ಅದನ್ನು ಬೇಗನೆ ತಟಸ್ಥಗೊಳಿಸುತ್ತದೆ, ಅಷ್ಟರಲ್ಲಿ ಲೋಳೆ ಹಿಡಿದುಕೊಂಡಷ್ಟು ಹಿಡಿದುಕೊಳ್ಳಲಿ ಎಂಬುದು ಲೆಕ್ಕಾಚಾರ. ತಟಸ್ಥ ಪಿಎಚ್‌ನಲ್ಲೂ ಆವೇಶ ಉಳಿಸಿಕೊಳ್ಳುವ ಟ್ರೈಮೀಥೈಲ್ ಕೈಟೋಸಾನ್ ಇದೆ, ಆದರೆ ಆವೇಶ ಏರಿದಂತೆ ಜೀವಕೋಶಗಳಿಗೆ ಕಿರಿಕಿರಿಯೂ ಏರಬಹುದು.

ಕಣ್ಣಿಗೆ ಹಾಕುವ ದ್ರವ ಕ್ರಿಮಿರಹಿತವಾಗಿರಲೇಬೇಕು. ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವಿನ ಶಾಖದಲ್ಲಿ ಕೈಟೋಸಾನ್ ಸರಪಳಿ ತುಂಡಾಗುತ್ತದೆ. 0.22 ಮೈಕ್ರಾನಿನ ಸೋಸುಕದ ರಂಧ್ರ ಹೆಚ್ಚುಕಡಿಮೆ ಕಣದಷ್ಟೇ, ಹಾಗಾಗಿ ಅದು ಬಹಳಷ್ಟು ಕಣಗಳನ್ನೇ ತಡೆದು ನಿಲ್ಲಿಸುತ್ತದೆ. ಆದ್ದರಿಂದ ಎರಡೂ ದ್ರಾವಣಗಳನ್ನು ಬೇರೆಬೇರೆಯಾಗಿ ಸೋಸಿ, ಶುದ್ಧ ಗಾಳಿಯ ಪೆಟ್ಟಿಗೆಯೊಳಗೆ ಬೆರೆಸುತ್ತೇನೆ. ಕಣ್ಣೀರಿಗೆ ಸರಿಹೊಂದುವ ಸಾಂದ್ರತೆಗೆ ಉಪ್ಪಿನ ಬದಲು ಆವೇಶವಿಲ್ಲದ ಮ್ಯಾನಿಟಾಲ್ ಹಾಕುತ್ತೇನೆ, ಉಪ್ಪು ಕಣಗಳ ಆವೇಶವನ್ನು ಮಸುಕಾಗಿಸುತ್ತದೆ.

ವೈರಸ್ಸಿನ ಮೇಲಿನ ಪರೀಕ್ಷೆಯನ್ನು ನಾನಲ್ಲ, ಅದಕ್ಕೆ ತಕ್ಕ ಸುರಕ್ಷತೆಯಿರುವ ಪ್ರಯೋಗಾಲಯದ ಸಹೋದ್ಯೋಗಿಗಳು ಮಾಡುತ್ತಾರೆ. ಅಲ್ಲಿಗೂ ಖಾಲಿ ಕಣಗಳನ್ನು ತಪ್ಪದೆ ಕಳಿಸುತ್ತೇನೆ. ಧನಾವೇಶದ ಕಣ ತಾನೇ ವೈರಸ್ಸನ್ನು ಹಿಡಿದು ತಡೆಯಬಹುದು ಅಥವಾ ಜೀವಕೋಶವನ್ನೇ ಘಾಸಿಗೊಳಿಸಬಹುದು, ಪ್ಲಾಕ್ ಎಣಿಕೆಯಲ್ಲಿ (ವೈರಸ್ ಕೊಂದ ಜೀವಕೋಶಗಳ ಕಲೆಗಳನ್ನು ಎಣಿಸುವ ಪರೀಕ್ಷೆಯಲ್ಲಿ) ಇವೆರಡೂ ಔಷಧದ ಜಯದಂತೆಯೇ ಕಾಣಬಲ್ಲವು.

ನೀರಿನಲ್ಲಿಟ್ಟ ಕಣಗಳು ವಾರಗಳಲ್ಲಿ ಔಷಧ ಬಿಟ್ಟುಕೊಟ್ಟು ದಪ್ಪವಾಗುತ್ತವೆ. ಹಾಗಾಗಿ ಟ್ರೆಹಲೋಸ್ ಎಂಬ ಸಕ್ಕರೆ ಬೆರೆಸಿ ಘನೀಕರಿಸಿ ಒಣಗಿಸುತ್ತೇನೆ. ಮತ್ತೆ ನೀರು ಹಾಕಿದಾಗಿನ ಗಾತ್ರ ಒಣಗಿಸುವ ಮುಂಚಿನ ಗಾತ್ರದ 1.3 ಪಟ್ಟು ದಾಟಿದರೆ ಆ ಮಾದರಿಯನ್ನು ಮುಂದಿನ ಪರೀಕ್ಷೆಗೆ ಕಳಿಸುವುದಿಲ್ಲ.