ಡಿಸೆಂಬರಿನ ಶಿಕಾಗೊ: ಮಕ್ಕಳಿಗೆ ಹಗಲು ಮ್ಯೂಸಿಯಂ, ಸಂಜೆ ದೀಪ

ಡಿಸೆಂಬರಿನಲ್ಲಿ ಶಿಕಾಗೊದಲ್ಲಿ ಸಂಜೆ ನಾಲ್ಕೂಕಾಲರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಮಕ್ಕಳಿರುವವರಿಗೆ ಇದು ಅನುಕೂಲವೇ. ಹಗಲು ಒಳಗೆ ಒಂದು ಮ್ಯೂಸಿಯಂ, ಕತ್ತಲಾದ ಮೇಲೆ ಒಂದು ದೀಪಾಲಂಕಾರ, ಮಲಗುವ ಹೊತ್ತಿಗೆ ವಾಪಸ್. ದಿನಕ್ಕೆ ಎರಡು ಮ್ಯೂಸಿಯಂ ನಾನು ಇಟ್ಟುಕೊಳ್ಳುವುದಿಲ್ಲ. ಫೀಲ್ಡ್ ಮ್ಯೂಸಿಯಂ, ಶೆಡ್ ಅಕ್ವೇರಿಯಂ, ಆಡ್ಲರ್ ತಾರಾಲಯ ಅಕ್ಕಪಕ್ಕದಲ್ಲೇ ಇವೆಯೆಂದು ಮೂರನ್ನೂ ಒಂದೇ ದಿನ ಹಿಡಿದರೆ, ನಡುವಿನ ದಾರಿಯಲ್ಲಿ ಬೀಸುವ ಸರೋವರದ ಗಾಳಿಗೇ ಮಕ್ಕಳು ಸೋತುಹೋಗುತ್ತಾರೆ. ಅಲ್ಲಿಗೆ ರೂಸ್‌ವೆಲ್ಟ್ ಸ್ಟೇಷನ್ನಿನಿಂದ ನಡೆಯುವ ಬದಲು 146ನೇ ನಂಬರಿನ ಬಸ್ ಹತ್ತುವುದು ಲೇಸು. 7 ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಬಸ್ಸಿನಲ್ಲಿ ಟಿಕೆಟ್ ಇಲ್ಲ.

ಇಡೀ ದಿನ ಕೊಡಬೇಕಾದದ್ದು ಗ್ರಿಫಿನ್ ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಮ್ಮಿಗೆ. 1893ರ ವಿಶ್ವಮೇಳಕ್ಕೆ ಕಟ್ಟಿದ ಅರಮನೆಯಂಥ ಕಟ್ಟಡ ಅದು. ಮಿಲೇನಿಯಂ ಸ್ಟೇಷನ್ನಿನಲ್ಲಿ ಮೆಟ್ರಾ ಎಲೆಕ್ಟ್ರಿಕ್ ರೈಲು ಹತ್ತಿ 55–56–57ನೇ ಸ್ಟ್ರೀಟ್ ಸ್ಟೇಷನ್ನಿನಲ್ಲಿ ಇಳಿದರೆ ಸ್ವಲ್ಪವೇ ನಡಿಗೆ. 1942ರಲ್ಲಿ ಒಂದೇ ಒಂದು ಮರದಿಂದ ಶುರುವಾದ ‘ಕ್ರಿಸ್‌ಮಸ್ ಅರೌಂಡ್ ದಿ ವರ್ಲ್ಡ್’ನಲ್ಲಿ ಈಗ 50ಕ್ಕೂ ಹೆಚ್ಚು ಮರಗಳಿವೆ. ಒಂದೊಂದನ್ನೂ ಒಂದೊಂದು ಸಮುದಾಯದವರು ತಮ್ಮ ನಾಡಿನ ರೀತಿಯಲ್ಲಿ ಸಿಂಗರಿಸುತ್ತಾರೆ. ಎಡವುವುದು ಜಲಾಂತರ್ಗಾಮಿಯ ಟಿಕೆಟ್ಟಿನಲ್ಲಿ. 1944ರಲ್ಲಿ ಸೆರೆಸಿಕ್ಕ ಜರ್ಮನಿಯ ಯು-505 ಅನ್ನು ಹೊರಗಿನಿಂದ ನೋಡಲು ಪ್ರವೇಶ ಟಿಕೆಟ್ ಸಾಕು. ಒಳಹೊಕ್ಕು ನೋಡಲು ಮಾತ್ರ ಬೇರೆ ಟಿಕೆಟ್ ಬೇಕು, ಹೊತ್ತೂ ನಿಗದಿಯಾಗಿರುತ್ತದೆ. ಮ್ಯೂಸಿಯಮ್ಮಿನೊಳಗೇ ಇರುವ ಮಾದರಿ ಕಲ್ಲಿದ್ದಲು ಗಣಿಗೂ ಹಾಗೆಯೇ. ರಜೆಯಲ್ಲಿ ಎರಡೂ ಬೇಗ ತುಂಬುವುದರಿಂದ ಪ್ರವೇಶ ಟಿಕೆಟ್ಟಿನ ಜೊತೆಗೇ ಕಾಯ್ದಿರಿಸಿ, ನಡುವೆ ಒಂದೂವರೆ ಗಂಟೆ ಬಿಡುವು ಇಟ್ಟುಕೊಳ್ಳಬೇಕು. ಆ ಬಿಡುವು ಕೋಳಿಮರಿಗಳಿಗೆ. ಮೊಟ್ಟೆಯೊಡೆದು ಮರಿ ಹೊರಬರುವುದನ್ನು ನೋಡುತ್ತ ನಿಂತ ಮಗುವನ್ನು ಯಾವ ಟಿಕೆಟ್ಟಿಗಾಗಿಯೂ ಎಳೆದುಕೊಂಡು ಹೋಗಬಾರದು.

ಫೀಲ್ಡಿನಲ್ಲಿ ಟಿ. ರೆಕ್ಸ್ ಡೈನೊಸಾರ್ ‘ಸೂ’ನ ಅಸ್ಥಿಪಂಜರ ಇರುವುದು ಮೇಲಿನ ಮಹಡಿಯಲ್ಲಿ. ನಿಜವಾದ ತಲೆಬುರುಡೆ ತೀರಾ ಭಾರವಾದ್ದರಿಂದ ಅದನ್ನು ಬೇರೆ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಮಕ್ಕಳ ಕಣ್ಣೆತ್ತರಕ್ಕೆ ಸಿಗುವುದು ಅದೇ. ಕೆಳಗಿನ ಹಾಲಿನಲ್ಲಿರುವ 122 ಅಡಿಯ ಡೈನೊಸಾರ್ ‘ಮ್ಯಾಕ್ಸಿಮೊ’ ಅಚ್ಚು ತೆಗೆದು ಮಾಡಿದ್ದು, ಮುಟ್ಟಲು ಅಡ್ಡಿಯಿಲ್ಲ. ಇಲಿನಾಯ್ ನಿವಾಸಿಗಳಿಗೆ ಈ ಮ್ಯೂಸಿಯಂಗಳು ಕೆಲವು ದಿನ ಉಚಿತ. ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ.

ಬಟ್ಟೆ ಪದರಪದರವಾಗಿರಬೇಕು: ಥರ್ಮಲ್, ಫ್ಲೀಸ್, ಮೇಲೆ ಗಾಳಿ ತಡೆಯುವ ಜಾಕೆಟ್. ಒಳಗೆ ಹೀಟರಿನ ಬಿಸಿಗೆ ಮಕ್ಕಳು ಬೆವರುತ್ತಾರೆ, ಬೆವರಿದ ಮೈಯಲ್ಲೇ ಹೊರಗೆ ಬಂದರೆ ಚಳಿ ಇಮ್ಮಡಿ. ಒಳಗೆ ಕಾಲಿಟ್ಟ ಕೂಡಲೇ ಮೇಲಿನ ಎರಡು ಪದರ ಕಳಚಿ ಕೋಟ್ ಚೆಕ್‌ಗೆ ಕೊಟ್ಟುಬಿಡಿ. ಕಾರ್ ಸೀಟಿನಲ್ಲಿ ದಪ್ಪ ಜಾಕೆಟ್ಟಿನ ಮೇಲೆ ಬೆಲ್ಟ್ ಬಿಗಿದರೆ ಅದು ಸಡಿಲವೇ. ಜಾಕೆಟ್ ತೆಗೆದು ಬೆಲ್ಟ್ ಹಾಕಿ, ಅದನ್ನೇ ಮೇಲೆ ಹೊದಿಸಬೇಕು. ಚಳಿಗೆ ಫೋನ್ ಇದ್ದಕ್ಕಿದ್ದಂತೆ ಆಫ್ ಆಗುವುದುಂಟು, ಟಿಕೆಟ್ಟಿನ ಪ್ರಿಂಟ್ ಇರಲಿ. ಬುತ್ತಿಗೆ ಪುಳಿಯೋಗರೆ ಒಳ್ಳೆಯದು, ತಣ್ಣಗಾದರೂ ರುಚಿ ಕೆಡುವುದಿಲ್ಲ.

ಸಂಜೆಗೆ ಡೇಲಿ ಪ್ಲಾಜಾದ ಕ್ರಿಸ್‌ಕಿಂಡಲ್‌ಮಾರ್ಕೆಟ್, ಜರ್ಮನ್ ರೀತಿಯ ಕ್ರಿಸ್‌ಮಸ್ ಸಂತೆ. ಪ್ರವೇಶ ಉಚಿತ, ಆದರೆ ಡಿಸೆಂಬರ್ 24ಕ್ಕೆ ಮುಗಿಯುತ್ತದೆ. ವರ್ಷಾಂತ್ಯದ ರಜೆಗೆಂದು 26ಕ್ಕೆ ಬಂದವರಿಗೆ ಸಿಗುವುದಿಲ್ಲ. ವಾರದ ದಿನ ನಾಲ್ಕು ಗಂಟೆಗೇ ಹೋದರೆ ಸ್ಟ್ರೋಲರ್ ತಳ್ಳಲು ಜಾಗವಿರುತ್ತದೆ. ಆಲೂಗಡ್ಡೆ ಪ್ಯಾನ್‌ಕೇಕ್‌ಗೆ ಮೊಟ್ಟೆ ಹಾಕುವುದು ವಾಡಿಕೆ, ತಿನ್ನದವರು ಕೇಳಿಯೇ ಕೊಳ್ಳಬೇಕು. ಮಾರ್ಕೆಟ್ ಮುಗಿದ ಮೇಲೆ ಬಂದವರು ಲಿಂಕನ್ ಪಾರ್ಕ್ ಝೂದ ದೀಪಾಲಂಕಾರ ನೋಡಬಹುದು. ಹಗಲು ಆ ಝೂ ಉಚಿತ, ದೀಪದ ಸಂಜೆಗೆ ಮಾತ್ರ ಮುಂಗಡ ಟಿಕೆಟ್ ಬೇಕು. ಪೇಟೆಯಿಂದ 151ನೇ ಬಸ್ ಹೋಗುತ್ತದೆ.

ಇನ್ನೊಂದು ದಿನವಿದ್ದರೆ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾ ಮ್ಯೂಸಿಯಂ. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ್ದು ಇದೇ ಕಟ್ಟಡದಲ್ಲಿ. ಮಕ್ಕಳನ್ನು ಮೊದಲು ಕೆಳಮಹಡಿಯ 68 ಥಾರ್ನ್ ಪುಟಾಣಿ ಕೋಣೆಗಳಿಗೆ ಕರೆದೊಯ್ಯಿರಿ: ಒಂದಡಿಗೆ ಒಂದಿಂಚಿನ ಅಳತೆ, ಹಬ್ಬದ ಕಾಲದಲ್ಲಿ ಕೆಲವಕ್ಕೆ ಪುಟ್ಟ ಅಲಂಕಾರವೂ ಇರುತ್ತದೆ. 14ರೊಳಗಿನವರಿಗೆ ಉಚಿತ. ಸಾಮಾನ್ಯವಾಗಿ ಮಂಗಳವಾರ, ಬುಧವಾರ ರಜೆ.