ವಕೀಲರು ಕೂಡುತ್ತಿದ್ದ ಜಾಗ ಹುಡುಕಬೇಕೇ? ಮುನ್ಷಿಯಿಂದ ಶುರು ಮಾಡಿ

ಕಲಬುರಗಿಯಲ್ಲಿ ಹಳೇ ವಕೀಲರು ಸೇರುತ್ತಿದ್ದ ಜಾಗಗಳನ್ನು ಬರೆದಿಡಲು ಹೊರಟವರು ಮೊದಲು ಕೇಳುವುದೇ "ಯಾವ ಕ್ಲಬ್ ಇತ್ತು?" ಅಂತ. ಹಾಗೆ ಕೇಳಬೇಡಿ. ಕ್ಲಬ್ ಅಂದ ಕೂಡಲೇ ಹಿರಿಯರ ಕಣ್ಣಿಗೆ ಬೋರ್ಡು, ಟೆನಿಸ್ ಅಂಗಳ ಬಂದು, "ಅಂಥಾದ್ದೇನೂ ಇರಲಿಲ್ಲ" ಅಂದುಬಿಡುತ್ತಾರೆ. "ಕೋರ್ಟಿನ ಪೇಶಿ ಮುಗಿದ ಮ್ಯಾಲ ಚಾ ಎಲ್ಲಿ ಕುಡೀತಿದ್ರಿ, ರೊಕ್ಕ ಯಾರು ಕೊಡ್ತಿದ್ರು?" ಅಂತ ಕೇಳಿ ನೋಡಿ, ಸಂಜೆಯಾದರೂ ಮಾತು ಮುಗಿಯುವುದಿಲ್ಲ.

ಅದನ್ನೂ ವಕೀಲರಿಂದ ಶುರು ಮಾಡಬೇಡಿ. ನಾನೂ ವಕೀಲೆಯೇ, ಆದರೂ ಹೇಳುತ್ತೇನೆ: ನಮ್ಮವರಿಗೆ ಗೆದ್ದ ಕೇಸು ನೆನಪಿರುತ್ತದೆ, ಕೂತ ಜಾಗ ನೆನಪಿರುವುದಿಲ್ಲ. ಮುನ್ಷಿಗಳು (ವಕೀಲರ ಗುಮಾಸ್ತರು), ಸ್ಟಾಂಪ್ ವೆಂಡರ್‌ಗಳು, ಅರ್ಜಿ ಬರೆಯುವವರು, ಟೈಪಿಸ್ಟರ ಹತ್ತಿರ ಹೋಗಿ. ಫೈಲು ಬಗಲಲ್ಲಿಟ್ಟುಕೊಂಡು ಸಾಹೇಬರನ್ನು ಹುಡುಕುತ್ತಾ ಓಡಾಡಿದವರು ಅವರು. ಒಬ್ಬ ಹಿರಿಯ ಮುನ್ಷಿ ನನಗೆ ಹೇಳಿದ್ದು: "ಕ್ಲಬ್ ಎಲ್ಲಿಂದ ಬರಬೇಕ್ರಿ ಮೇಡಂ, ಹೋಟೆಲ್‌ದಾಗ ಒಂದು ಬೆಂಚಿತ್ತು. ಸೀನಿಯರ್ ಮಂದಿ ಕೂಡೋ ಬೆಂಚು. ಖಾಲಿ ಇದ್ರೂ ನಾವು ಕೂಡ್ತಿರಲಿಲ್ಲ." ಸುಸಲಾ, ಮಿರ್ಚಿ ಭಜಿ, ಕಟ್ ಚಾ, ಎಲ್ಲವೂ ಉದ್ರಿ. ಆ ಹೋಟೆಲ್ ಮಾಲೀಕರ ಮನೆಯಲ್ಲಿ ಉದ್ರಿ ಪುಸ್ತಕ ಉಳಿದಿದ್ದರೆ ನಿಮ್ಮ ಪುಣ್ಯ. ಯಾವ ತಿಂಗಳಿಂದ ಯಾರ ಹೆಸರು ಕಾಣುವುದಿಲ್ಲ ಎಂಬುದನ್ನು ನೋಡಿದರೆ ಗುಂಪು ಒಡೆದ ಕಾಲ ಗೊತ್ತಾಗುತ್ತದೆ.

ಇನ್ನೊಂದು ಆಧಾರ ವಕೀಲರ ಡೈರಿ. ಕೇಸ್ ನಂಬರು, ಪಕ್ಷಗಾರರ ಹೆಸರು, ಮುಂದಿನ ತಾರೀಖು ಇರುವ ಭಾಗ ನಮಗೆ ಬೇಡ. ಅಂಚು ನೋಡಿ. ನನ್ನ ಸೀನಿಯರ್ ಡೈರಿಯ ಒಂದು ಅಂಚಿನಲ್ಲಿ ಪೆನ್ಸಿಲಿನಿಂದ "ಕೇರಂ ಪೌಡರ್, ಚಂದಾ 2 ರೂ." ಎಂದಿದೆ. ಅಷ್ಟು ಸಾಕು: ಕೇರಂ ಬೋರ್ಡು ಇತ್ತು, ಚಂದಾ ಎತ್ತುವವರಿದ್ದರು, ಎತ್ತಿದವರು ಯಾರೆಂದು ಹುಡುಕಿ. ಫೋಟೊ ತೆಗೆಯುವಾಗ ಕೇಸಿನ ಭಾಗವನ್ನು ಹಾಳೆಯಿಂದ ಮುಚ್ಚಿ. ಪಕ್ಷಗಾರನ ಗುಟ್ಟನ್ನು ಕೇಸು ಮುಗಿದ ಮೇಲೂ ಕಾಯಬೇಕೆಂದು ಕಾನೂನೇ ಹೇಳುತ್ತದೆ.

ಹಳೇ ಗ್ರೂಪ್ ಫೋಟೊ ಸಿಕ್ಕರೆ ಹಿಂದೆ ತಿರುಗಿಸಿ. 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮರ ಸಂಸ್ಥಾನದಲ್ಲಿದ್ದೆವು. ಬರಹ ಉರ್ದು, ಇಸವಿ ಫಸಲಿ, ಅಂದರೆ ಆಗಿನ ಕಂದಾಯದ ವರ್ಷ. ಫಸಲಿಗೆ 590 ಕೂಡಿಸಿದರೆ ಅದು ಶುರುವಾದ ಇಂಗ್ಲಿಷ್ ಇಸವಿ ಸಿಗುತ್ತದೆ. ವರ್ಷ ಅಕ್ಟೋಬರಿನಲ್ಲಿ, ಆಜರ್ ತಿಂಗಳಿಂದ ಶುರು. ಹಾಗಾಗಿ 1352 ಫಸಲಿ ಅಂದರೆ 1942ರ ಅಕ್ಟೋಬರಿನಿಂದ ಮುಂದಿನ ಅಕ್ಟೋಬರ್‌ವರೆಗೆ. ಉರ್ದುವಿನ 2 ಮತ್ತು 3ಕ್ಕೆ ಒಂದೇ ಹಲ್ಲಿನ ವ್ಯತ್ಯಾಸ, ಶಾಯಿ ಮಾಸಿದ್ದರೆ ಓದಬಲ್ಲವರಿಂದಲೇ ಓದಿಸಿ.

ಎಲ್ಲರೂ ಮರೆಯುವ ಜಾಗವೊಂದಿದೆ: ರೈಲ್ವೆ ಸ್ಟೇಷನ್. 1956ರ ನಂತರ ನಮ್ಮ ಹೈಕೋರ್ಟು ಬೆಂಗಳೂರಿಗೆ ಹೋಯಿತು, 600 ಕಿ.ಮೀ. ದೂರ. ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಜೋಳದ ರೊಟ್ಟಿ ಬುತ್ತಿ ಬಿಚ್ಚಿ, ಎದುರು ಪಾರ್ಟಿ ವಕೀಲರ ಜೊತೆಗೇ ಹಂಚಿಕೊಂಡು ತಿಂದವರು ಇನ್ನೂ ಇದ್ದಾರೆ. ಎಷ್ಟೋ ರಾಜಿಗಳು ಆ ರೈಲು ಡಬ್ಬಿಯಲ್ಲೇ ಕುದುರಿದವು ಎನ್ನುತ್ತಾರೆ, ನಾನು ನಂಬುತ್ತೇನೆ. 2008ರ ಜುಲೈಯಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಇಲ್ಲಿಗೇ ಬಂತು, 2013ರಲ್ಲಿ ಕಾಯಂ ಆಯಿತು. ಊರಿಗೆ ಅದು ಬೇಕೇ ಇತ್ತು. ಆ ಪ್ಲಾಟ್‌ಫಾರ್ಮ್ ಗುಂಪು ಮಾತ್ರ ಕರಗಿತು. ಅದಕ್ಕೇ "ಕಟ್ಟಡ ಯಾವಾಗ ಬಿತ್ತು?" ಅಂತಷ್ಟೇ ಕೇಳಬೇಡಿ, "ಅಲ್ಲಿಗೆ ಹೋಗೋ ಕೆಲಸ ಯಾವಾಗ ತಪ್ಪಿತು?" ಅಂತಲೂ ಕೇಳಿ. ಮುಂದಿನ ತಾರೀಖು ಈಗ ಮೊಬೈಲಿನಲ್ಲೇ ಬರುತ್ತದೆ, ಅದನ್ನು ಕೇಳಲು ಹೋಗೋ ಕೆಲಸವೂ ತಪ್ಪಿತು.

ನೋಂದಾಯಿತ ಕ್ಲಬ್ ಇತ್ತೆಂದು ಯಾರಾದರೂ ಗಟ್ಟಿಯಾಗಿ ಹೇಳಿದರೆ ಮಾತ್ರ ಸಂಘಗಳ ನೋಂದಣಿ ಕಚೇರಿಗೆ ಹೋಗಿ. 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ಸಂಘಗಳು ವರ್ಷವರ್ಷ ಆಡಳಿತ ಮಂಡಳಿಯ ಪಟ್ಟಿ ಸಲ್ಲಿಸಬೇಕು. ಪಟ್ಟಿ ನಿಂತ ವರ್ಷ ಒಂದು ಸುಳಿವು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಪೀಠಿಕೆ ಹಾಕಲು ಹೋಗಬೇಡಿ. ಏಪ್ರಿಲ್, ಮೇ ತಿಂಗಳಲ್ಲಾದರೆ ಬೆಳಿಗ್ಗೆ 8ಕ್ಕೇ ಹೋಗಿ, ಬಿಸಿಲಿಗೆ ನಮ್ಮ ಕಡೆ ಸರ್ಕಾರಿ ಕಚೇರಿ ಒಂದೂವರೆಗೆ ಮುಚ್ಚುತ್ತವೆ.

ಹೋದಲ್ಲೆಲ್ಲ ಇನ್ನೊಂದು ಪ್ರಶ್ನೆ ಕೇಳಿ: "ಹೆಣ್ಣು ವಕೀಲರು ಎಲ್ಲಿ ಕೂಡ್ತಿದ್ರು?" ಬಹಳ ಮಂದಿ ಸುಮ್ಮನಾಗುತ್ತಾರೆ. ಸುಮ್ಮನಾದರು ಎಂಬುದನ್ನೂ ಬರೆದುಕೊಳ್ಳಿ, ಆಮೇಲೆ ಹಿರಿಯ ಮಹಿಳಾ ವಕೀಲರನ್ನೇ ಕೇಳಿ.

ಬರೆದದ್ದನ್ನು ಹೇಳಿದವರಿಗೆ ಓದಿ ತೋರಿಸಿ, ಹೆಸರು ಹಾಕಲು ಒಪ್ಪಿಗೆ ಪಡೆಯಿರಿ. ಒಂದು ಪ್ರತಿ ವಕೀಲರ ಸಂಘದ ಗ್ರಂಥಾಲಯಕ್ಕೆ, ಒಂದು ಅವರ ಮನೆಗೆ ಕೊಡಿ. ಉದ್ರಿ ತೀರಿಸದೆ ಹೋದ ಸಾಹೇಬರ ಹೆಸರು ಮಾತ್ರ ಬಿಟ್ಟುಬಿಡಿ, ಮಕ್ಕಳು ಇನ್ನೂ ಪ್ರಾಕ್ಟೀಸ್ ಮಾಡುತ್ತಿರುತ್ತಾರೆ.